ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ಮಿದುಳಿನ ಆಮ್ಲಜನಕದ ಮಾಪನ
(ದಕ್ಷಿಣ ಸೊಲ್ಲಾಪುರ ಸೀಮೆಯ ಹೋಟಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ದತ್ತಿ ಉಪನ್ಯಾಸವೆಂದರೆ ಧರ್ಮವನ್ನೋ ಸಾಹಿತ್ಯವನ್ನೋ ಕುರಿತ ಪ್ರಸಂಗವೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಶರಣ ಸಿದ್ಧರಾಮನ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ಇಲ್ಲಿಂದ ಕೂಗಳತೆಯಲ್ಲಿರುವಾಗ, ಹೋಟಗಿಯ ಮಠದ ಹೆಸರು ಸೀಮೆಯ ಆಚೆಗೂ ಪ್ರಸಿದ್ಧವಾಗಿರುವಾಗ, ಆ ವಾಡಿಕೆಗೆ ಕಾರಣವನ್ನು ಹುಡುಕಬೇಕಾಗಿಯೂ ಇಲ್ಲ. ಆದರೆ ಶರಣರಲ್ಲಿ ಕೆರೆ ಕಟ್ಟಿಸಿದವನೆಂದು ವಿಶೇಷ ಖ್ಯಾತಿ ಪಡೆದ ಆ ಮಹಾನುಭಾವನ ನೆಲದಲ್ಲಿ, ದೇಹಧಾರಣೆಗೆ ಸಂಬಂಧಿಸಿದ ಒಂದು ಲೌಕಿಕ ವಿಷಯವನ್ನು ಕನ್ನಡದಲ್ಲಿ ವಿವರಿಸುವುದು ಅಪಚಾರವಾಗಲಾರದೆಂಬ ಧೈರ್ಯದಿಂದ, ನಮ್ಮ ಜನ ಲಕ್ವವೆಂದೂ ಮರಾಠಿ ಬಂಧುಗಳು ಅರ್ಧಾಂಗವಾಯುವೆಂದೂ ಕರೆಯುವ ವ್ಯಾಧಿಯ ಚಿಕಿತ್ಸೆಯ ಕಾಲದಲ್ಲಿ, ಚರ್ಮವನ್ನು ಛೇದಿಸದೆ, ತಲೆಬುರುಡೆಯನ್ನು ಕೊರೆಯದೆ, ಕೇವಲ ಬೆಳಕಿನ ಸಹಾಯದಿಂದ ಮಿದುಳಿನ ಆಮ್ಲಜನಕವನ್ನು ಅಳೆಯುವ ವಿದ್ಯೆಯನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಆ ವಿದ್ಯೆಯ ಚಮತ್ಕಾರವನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ; ಅದು ಎಲ್ಲಿಯವರೆಗೆ ನಂಬತಕ್ಕದ್ದು, ಎಲ್ಲಿಂದಾಚೆಗೆ ನಂಬತಕ್ಕದ್ದಲ್ಲ ಎಂಬುದನ್ನು ತಮ್ಮ ಮುಂದೆ ಇಡಬೇಕೆಂಬುದೇ ಮುಖ್ಯ ಬಯಕೆ.

ವಯಸ್ಕನ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚಿಲ್ಲ. ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲನ್ನೂ, ದೇಹ ಸೇವಿಸುವ ಆಮ್ಲಜನಕದಲ್ಲಿ ಸುಮಾರು 20 ಪಾಲನ್ನೂ ಅದೊಂದೇ ಬಳಸಿಕೊಳ್ಳುತ್ತದೆ. ಇಷ್ಟು ವ್ಯಯಶೀಲವಾದ ಅಂಗವು ಏನನ್ನಾದರೂ ಕೂಡಿಟ್ಟುಕೊಂಡಿದೆಯೇ ಎಂದು ನೋಡಿದರೆ, ಇಲ್ಲ. ಯಕೃತ್ತಿಗೆ ಸಕ್ಕರೆಯ ಸಂಗ್ರಹವುಂಟು, ಮಾಂಸಖಂಡಕ್ಕೆ ಆಮ್ಲಜನಕವನ್ನು ಹಿಡಿದಿಡುವ ತನ್ನದೇ ಒಂದು ವರ್ಣದ್ರವ್ಯವುಂಟು. ಮಿದುಳಿಗೆ ಅಂಥ ಉಗ್ರಾಣ ಯಾವುದೂ ಇಲ್ಲದಿರುವುದರಿಂದ, ರಕ್ತಪ್ರವಾಹ ಪೂರ್ತಿಯಾಗಿ ನಿಂತರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಸ್ವಸ್ಥ ಸ್ಥಿತಿಯಲ್ಲಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಒದಗುತ್ತದೆ. ಅದು 20ರ ಕೆಳಗಿಳಿದರೆ ನರಕೋಶಗಳ ವಿದ್ಯುದ್ವ್ಯಾಪಾರ ನಿಲ್ಲುತ್ತದೆ. 10ರ ಸಮೀಪಕ್ಕೆ ಬಂದಿತೆಂದರೆ ಕೋಶವೇ ಸಾಯಲಾರಂಭಿಸುತ್ತದೆ.

ಈ ಎರಡು ಮಿತಿಗಳ ನಡುವಣ ಪ್ರದೇಶವನ್ನು ಕುರಿತು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಪಾರ್ಶ್ವವಾಯುವಿನ ಇಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಇದರ ಮೇಲೆ. ಉಜನಿ ಅಣೆಕಟ್ಟಿನ ಕಾಲುವೆಯ ನೀರು ಉಂಡ ಹೊಲಗಳನ್ನು ತಾವೆಲ್ಲ ಕಂಡವರು. ಮೇಲೆಲ್ಲೋ ಕಾಲುವೆ ಹೂತುಹೋದಾಗ ಅದರ ತುದಿಯ ಹೊಲಗಳು ಒಮ್ಮೆಗೇ ಒಣಗಿ ಕಟ್ಟಿಗೆಯಾಗುವುದಿಲ್ಲ. ಹೂಳಿಗೆ ಹತ್ತಿರದ ಮಡಿಯ ಬೆಳೆ ಸುಟ್ಟುಹೋಗುತ್ತದೆ. ಅದರ ಸುತ್ತಣ ಮಡಿಗಳು ಪಕ್ಕದ ಬದುವಿನಿಂದ ಜಿನುಗುವ ನೀರನ್ನು ಹೀರುತ್ತ, ಎಲೆ ಮುದುಡಿಕೊಂಡು, ತೆನೆ ಕಟ್ಟುವುದನ್ನು ನಿಲ್ಲಿಸಿ, ಜೀವ ಹಿಡಿದುಕೊಂಡಿರುತ್ತವೆ. ಹೊತ್ತಿಗೆ ನೀರು ಬಂದರೆ ಅವು ಮತ್ತೆ ತಲೆಯೆತ್ತುತ್ತವೆ, ಹೊತ್ತು ಮೀರಿದರೆ ಸುಟ್ಟ ಮಡಿಯ ಲೆಕ್ಕಕ್ಕೇ ಸೇರುತ್ತವೆ. ಧಮನಿಯೊಂದರಲ್ಲಿ ರಕ್ತದ ಗರಣೆ ಸಿಕ್ಕಿಕೊಂಡಾಗ ಮಿದುಳಿನಲ್ಲಿ ನಡೆಯುವುದು ಇದೇ. ಕೆಲಸ ನಿಲ್ಲಿಸಿಯೂ ಸಾಯದಿರುವ ಈ ಅಂಚಿನ ಪ್ರದೇಶಕ್ಕೆ 1981ರಲ್ಲಿ ಆಸ್ಟ್ರುಪ್, ಸೀಸ್ಯೊ, ಸೈಮನ್ ಎಂಬ ಮೂವರು ವಿಜ್ಞಾನಿಗಳು ನೀಡಿದ ಸ್ಪಷ್ಟ ರೂಪವನ್ನೇ ಇಂದಿಗೂ ವೈದ್ಯಶಾಸ್ತ್ರ ಅನುಸರಿಸುತ್ತಿದೆ; ಗ್ರಹಣದ ಅರೆನೆರಳಿನ ಹೆಸರನ್ನೇ ಅದಕ್ಕೆ ಕೊಡಲಾಗಿದೆ. ರೋಗಿಯ ಕೈ ಏಳದಿದ್ದ ಮಾತ್ರಕ್ಕೆ ಕೈಯನ್ನಾಳುವ ಕೋಶಗಳು ಸತ್ತವೆಂದಲ್ಲ; ಅವು ಅರೆನೆರಳಿನಲ್ಲಿರಬಹುದು. ದೊಡ್ಡ ಧಮನಿಯೊಂದು ಮುಚ್ಚಿಕೊಂಡಾಗ ನಿಮಿಷವೊಂದಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಅಮೆರಿಕೆಯ ಜೆಫ್ರಿ ಸೇವರ್ ಲೆಕ್ಕ ಹಾಕಿ ತೋರಿಸಿದರು.

ಗರಣೆಯನ್ನು ಕರಗಿಸುವ ಔಷಧವನ್ನು ಮೊದಲ ಮೂರು ಗಂಟೆಗಳೊಳಗೆ ಕೊಟ್ಟರೆ ಫಲವುಂಟೆಂದು 1995ರಲ್ಲಿ ಸಿದ್ಧವಾಯಿತು. 2008ರಲ್ಲಿ ಆ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೊಡೆಯ ಸಂದಿನ ಧಮನಿಯ ಮೂಲಕ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ಏರಿಸಿ ಗರಣೆಯನ್ನೇ ಎಳೆದು ತೆಗೆಯುವ ಕ್ರಮವು 2015ರಲ್ಲಿ ಪ್ರಮಾಣೀಕೃತವಾಯಿತು. ಅರೆನೆರಳು ಇನ್ನೂ ಉಳಿದಿದೆಯೆಂದು ಚಿತ್ರಗಳಿಂದ ಖಚಿತವಾದ ಕೆಲವರಲ್ಲಿ ಅದನ್ನು 24 ಗಂಟೆಗಳವರೆಗೂ ಮಾಡಬಹುದೆಂದು 2018ರಲ್ಲಿ ತಿಳಿದುಬಂದಿತು. ಕಾಲುವೆಯ ಹೂಳು ತೆಗೆಯುವ ಈ ಉಪಾಯಗಳ ಇತಿಹಾಸವೇ ಒಂದು ಪ್ರತ್ಯೇಕ ಉಪನ್ಯಾಸಕ್ಕೆ ಸಾಕು. ಅದನ್ನು ಇಲ್ಲಿಗೆ ಬಿಡುತ್ತೇನೆ.

ಪ್ರಕೃತ ವಿಷಯಕ್ಕೆ ಬೇಕಾದುದು ಇಷ್ಟು. ಸಿ.ಟಿ. ಯಂತ್ರವೂ ಎಂ.ಆರ್.ಐ. ಯಂತ್ರವೂ ಕೊಡುವುದು ಒಂದು ಕ್ಷಣದ ಚಿತ್ರ. ಯಂತ್ರದ ಗುಹೆಯಿಂದ ರೋಗಿಯನ್ನು ಹೊರಕ್ಕೆಳೆದ ಮರುಕ್ಷಣದಿಂದ, ಔಷಧ ನೆತ್ತರಿಗಿಳಿಯುತ್ತಿರುವಾಗ, ನಳಿಕೆ ಏರುತ್ತಿರುವಾಗ, ಅರಿವಳಿಕೆಯ ಪ್ರಭಾವದಿಂದ ರಕ್ತದ ಒತ್ತಡ ಕುಸಿಯುತ್ತಿರುವಾಗ, ಆ ಅರೆನೆರಳಿನ ಮಡಿಗಳಿಗೆ ಆಮ್ಲಜನಕ ಒದಗುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವವರು ಯಾರು? ಎಚ್ಚರವಿರುವ ರೋಗಿಯಾದರೆ ಕೈ ಎತ್ತೆಂದು, ಹೆಸರು ಹೇಳೆಂದು ಕೇಳಿ ನೋಡಬಹುದು, ಅರಿವಳಿಕೆಯಲ್ಲಿರುವವನನ್ನು ಕೇಳುವಂತಿಲ್ಲ. ಕತ್ತಿನ ದೊಡ್ಡ ಅಭಿಧಮನಿಯೊಳಕ್ಕೆ ತಂತುವನ್ನಿಳಿಸಿ ಮಿದುಳಿನಿಂದ ಮರಳುವ ರಕ್ತವನ್ನು ಪರೀಕ್ಷಿಸುವ ಕ್ರಮವೊಂದುಂಟು. ಬುರುಡೆಯಲ್ಲಿ ರಂಧ್ರ ಕೊರೆದು ಮಿದುಳಿನೊಳಗೇ ಸೂಜಿಯನ್ನಿಡುವ ಕ್ರಮ ಇನ್ನೊಂದುಂಟು. ಗರಣೆ ಕರಗಿಸುವ ಔಷಧವನ್ನು ಪಡೆದ ರೋಗಿಗೆ, ಎಲ್ಲಿ ಚುಚ್ಚಿದರೆ ಅಲ್ಲಿ ರಕ್ತ ಸುರಿಯಬಹುದಾದ ಆ ಸ್ಥಿತಿಯಲ್ಲಿ, ಇವೆರಡೂ ಅಪಾಯಕರ. ಹೀಗಿರಲಾಗಿ ಶಸ್ತ್ರವು ಪ್ರವೇಶಿಸಲಾರದ ಕಡೆಗೆ ಬೆಳಕನ್ನು ಕಳುಹಿಸಬಹುದೇ ಎಂಬ ಪ್ರಶ್ನೆ ಹುಟ್ಟಿತು.

ರಕ್ತದ ಬಣ್ಣಕ್ಕೂ ಅದು ಹೊತ್ತ ಆಮ್ಲಜನಕಕ್ಕೂ ಇರುವ ಸಂಬಂಧವನ್ನು ವಿಜ್ಞಾನವು ಅರಿತದ್ದು 1864ರಲ್ಲಿ. ಆ ವರ್ಷ ಜರ್ಮನಿಯ ಹೋಪ್-ಸೈಲರ್ ರಕ್ತದ ಕೆಂಪು ದ್ರವ್ಯಕ್ಕೆ ಹಿಮೋಗ್ಲೋಬಿನ್ ಎಂಬ ಹೆಸರನ್ನಿಟ್ಟರು; ಅದೇ ವರ್ಷ ಇಂಗ್ಲೆಂಡಿನ ಸ್ಟೋಕ್ಸ್ ಮಹಾಶಯರು, ಆ ದ್ರವ್ಯವು ಆಮ್ಲಜನಕವನ್ನು ಪಡೆದಾಗಲೂ ಬಿಟ್ಟಾಗಲೂ ಬೆಳಕನ್ನು ಬೇರೆಬೇರೆಯಾಗಿ ಹೀರುವುದೆಂದು ರೋಹಿತದರ್ಶಕದಲ್ಲಿ ತೋರಿಸಿದರು. ಕಣ್ಣಿಗೆ ಕಾಣುವ ಕೆಂಪಿನಾಚೆಯ ಕಿರಣಗಳನ್ನಂತೂ ಅದಕ್ಕೂ ಮುಂಚೆ, 1800ರಲ್ಲಿಯೇ, ಖಗೋಳಜ್ಞ ವಿಲಿಯಂ ಹರ್ಷೆಲ್ ಉಷ್ಣಮಾಪಕವೊಂದರ ನೆರವಿನಿಂದ ಪತ್ತೆ ಹಚ್ಚಿದ್ದರು. ಸಾಮಗ್ರಿಗಳೆಲ್ಲ ಇದ್ದರೂ ಅವನ್ನು ಕೂಡಿಸಲು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. 1974ರಲ್ಲಿ ಜಪಾನಿನ ತಕುವೊ ಅವೊಯಾಗಿ ಎಂಬ ಇಂಜಿನಿಯರರು, ನಾಡಿಯ ಪ್ರತಿ ಮಿಡಿತದಲ್ಲೂ ಏರಿಳಿಯುವ ಬೆಳಕಿನ ಅಂಶವನ್ನು ಮಾತ್ರ ಆಯ್ದುಕೊಂಡರೆ ಧಮನಿಯ ರಕ್ತದ ಆಮ್ಲಜನಕವನ್ನು ಬೆರಳ ತುದಿಯಲ್ಲೋ ಕಿವಿಯ ಹಾಲೆಯಲ್ಲೋ ಅಳೆಯಬಹುದೆಂದು ಪ್ರಕಟಿಸಿದರು. ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ನಮ್ಮ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು ಅದೇ. ಅವೊಯಾಗಿಯವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಜಗತ್ತಿನ ಮೂಲೆಮೂಲೆಯಲ್ಲಿ ಅವರ ಉಪಕರಣಕ್ಕಾಗಿ ಜನ ಔಷಧದಂಗಡಿಗಳ ಮುಂದೆ ಸಾಲು ನಿಂತಿದ್ದ ವರ್ಷವೇ.

ಬೆರಳು ತೆಳುವಾದುದು, ಒಂದು ಕಡೆಯಿಂದ ಹಾಯಿಸಿದ ಬೆಳಕು ಇನ್ನೊಂದು ಕಡೆಗೆ ಹೊರಬೀಳುತ್ತದೆ. ತಲೆಯ ವಿಷಯ ಹಾಗಲ್ಲ. ಚರ್ಮ, ಎಲುಬು, ಪೊರೆಗಳು, ದ್ರವ, ಇವನ್ನೆಲ್ಲ ದಾಟಿ ಬೆಳಕು ಮಿದುಳನ್ನು ಮುಟ್ಟೀತೇ? ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಫ್ರಾನ್ಸ್ ಯೋಬ್ಸಿಸ್ ಎಂಬ ಶರೀರಕ್ರಿಯಾತಜ್ಞರು ಈ ಶಂಕೆಯ ಪರಿಹಾರ ಹೊಳೆದ ಬಗೆಯನ್ನು ಮುಂದೆ ತಾವೇ ನೆನೆದು ಬರೆದಿದ್ದಾರೆ: ಮನೆಯ ಊಟದ ಮೇಜಿನ ಬಳಿ, ಮಾಂಸದಿಂದ ಬೇರ್ಪಟ್ಟ ಹೆಗಲೆಲುಬಿನ ಚಪ್ಪಟೆಯ ತುಂಡೊಂದನ್ನು ದೀಪಕ್ಕೆ ಹಿಡಿದಾಗ ಅದರ ಹಿಂದಿದ್ದ ಬೆರಳಿನ ನೆರಳು ಅವರಿಗೆ ಕಂಡಿತಂತೆ. ಕಣ್ಣಿಗೆ ಕಾಣುವ ಬೆಳಕೇ ಎಲುಬನ್ನು ಇಷ್ಟು ಹಾಯುವುದಾದರೆ ಕೆಂಪಿನಾಚೆಯದು ಇನ್ನೆಷ್ಟು ಹಾಯ್ದೀತೆಂದು ಅವರು ಯೋಚಿಸಿದರು. 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಪ್ರಬಂಧ ಹೊರಬಂದಿತು. ಅವಕೆಂಪು ಕಿರಣಗಳಿಂದ ಮಿದುಳಿನ ಮತ್ತು ಹೃದಯದ ಆಮ್ಲಜನಕವನ್ನು ಹೊರಗಿನಿಂದಲೇ ಗಮನಿಸುವ ವಿದ್ಯೆ ಅಲ್ಲಿಂದ ಆರಂಭವಾಯಿತು.

ಅದರ ತತ್ತ್ವ ಇದು. 700ರಿಂದ 900 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ದೇಹದೊಳಗಣ ನೀರು ಹೆಚ್ಚಾಗಿ ಹೀರುವುದಿಲ್ಲ, ರಕ್ತವೂ ಅತಿಯಾಗಿ ಹೀರುವುದಿಲ್ಲ. ಆದಕಾರಣ ಈ ಕಿರಿದಾದ ಕಿಟಕಿಯೊಂದರ ಮೂಲಕವೇ ಬೆಳಕು ಕೆಲವು ಸೆಂಟಿಮೀಟರ್ ಆಳಕ್ಕೆ ಇಳಿಯಬಲ್ಲದು. ಸುಮಾರು 800 ನ್ಯಾನೊಮೀಟರಿನ ಹತ್ತಿರ ಆಮ್ಲಜನಕವುಳ್ಳ ಹಿಮೋಗ್ಲೋಬಿನ್ನೂ ಇಲ್ಲದ ಹಿಮೋಗ್ಲೋಬಿನ್ನೂ ಸಮನಾಗಿ ಹೀರುತ್ತವೆ. ಅದರ ಕೆಳಗೆ ಇಲ್ಲದ್ದು ಹೆಚ್ಚು ಹೀರುತ್ತದೆ, ಮೇಲೆ ಇರುವುದು ಹೆಚ್ಚು ಹೀರುತ್ತದೆ. ಆದುದರಿಂದ ಎರಡು ಅಥವಾ ಹೆಚ್ಚಿನ ತರಂಗಾಂತರಗಳ ಬೆಳಕನ್ನು ಹಣೆಗೆ ಅಂಟಿಸಿದ ಪಟ್ಟಿಯಿಂದ ಒಳಕ್ಕೆ ಬಿಟ್ಟು, ಒಳಗೆ ಚೆದರಿ ಬಾಗಿ ಹಿಂದಿರುಗುವ ಅಂಶವನ್ನು ಅದೇ ಪಟ್ಟಿಯ ಮೇಲೆ ತುಸು ದೂರದಲ್ಲಿರುವ ಗ್ರಾಹಕಗಳಿಂದ ಹಿಡಿದು ಹೋಲಿಸಿದರೆ, ಒಳಗಣ ರಕ್ತದಲ್ಲಿ ಆಮ್ಲಜನಕದ ಪಾಲೆಷ್ಟೆಂಬುದನ್ನು ಗಣಿಸಬಹುದು. ಗ್ರಾಹಕಗಳು ಎರಡಿರುವುದು ವ್ಯರ್ಥವಲ್ಲ: ಮೂಲಕ್ಕೆ ಹತ್ತಿರದ್ದು ಚರ್ಮ ಮತ್ತು ಎಲುಬನ್ನು ಹೊಕ್ಕು ಬಂದ ಬೆಳಕನ್ನು ಹೆಚ್ಚಾಗಿ ಪಡೆದರೆ, ದೂರದ್ದು ಮಿದುಳಿನ ಹೊರಪದರವನ್ನೂ ಮುಟ್ಟಿಬಂದದ್ದನ್ನು ಪಡೆಯುತ್ತದೆ, ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಮಿದುಳಿನದೆಂದು ಎಣಿಕೆ. ಈ ಎಣಿಕೆ ಪೂರ್ಣವಾಗಿ ಸರಿಯಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಬೆರಳಿನ ಆಕ್ಸಿಮೀಟರಿನಲ್ಲಿ 98 ಕಂಡು ಅಭ್ಯಾಸವಾದವರಿಗೆ ಹಣೆಯ ಯಂತ್ರದಲ್ಲಿ 65 ಕಂಡರೆ ಎದೆ ಧಸಕ್ಕೆಂದೀತು. ಭಯಕ್ಕೆ ಕಾರಣವಿಲ್ಲ. ಬೆರಳಿನ ಯಂತ್ರ ನಾಡಿಯ ಮಿಡಿತವನ್ನು ಅನುಸರಿಸುವುದರಿಂದ ಧಮನಿಯ ರಕ್ತವನ್ನೇ ಅಳೆಯುತ್ತದೆ. ಹಣೆಯ ಯಂತ್ರ ಮಿಡಿತವನ್ನು ಲೆಕ್ಕಿಸದೆ ಧಮನಿ, ಲೋಮನಾಳ, ಅಭಿಧಮನಿಗಳೆಲ್ಲದರ ಮಿಶ್ರಣವನ್ನು ಅಳೆಯುತ್ತದೆ, ಆ ಮಿಶ್ರಣದಲ್ಲಿ ಮುಕ್ಕಾಲಿನ ಹತ್ತಿರ ಅಭಿಧಮನಿಯ ರಕ್ತವೇ. ಆರೋಗ್ಯವಂತರಲ್ಲಿ 60ರಿಂದ 75ರ ನಡುವಣ ಅಂಕಿ ಸಹಜ. ಅಂದರೆ ಈ ಯಂತ್ರವು ಮುಖ್ಯವಾಗಿ ನೋಡುತ್ತಿರುವುದು ಹೊಲಕ್ಕೆ ಹರಿದುಬಂದ ನೀರನ್ನಲ್ಲ, ಬೆಳೆ ಕುಡಿದ ಮೇಲೆ ಬಸಿಗಾಲುವೆಯಲ್ಲಿ ಉಳಿದು ಹೊರಟ ನೀರನ್ನು. ಮಿದುಳಿಗೆ ರಕ್ತ ಕಡಿಮೆಯಾದಾಗ ಅದು ಸಿಕ್ಕ ರಕ್ತದಿಂದಲೇ ಹೆಚ್ಚು ಆಮ್ಲಜನಕವನ್ನು ಹಿಂಡಿಕೊಳ್ಳುತ್ತದೆ. ಸ್ವಸ್ಥ ಕಾಲದಲ್ಲಿ ಮೂರರಲ್ಲೊಂದು ಪಾಲನ್ನಷ್ಟೆ ತೆಗೆದುಕೊಳ್ಳುವುದು ಬಡತನ ಬಂದಾಗ ಅದರ ಇಮ್ಮಡಿಯನ್ನೂ ತೆಗೆದುಕೊಳ್ಳಬಲ್ಲದು. ಆಗ ಬಸಿಗಾಲುವೆ ಒಣಗುತ್ತದೆ, ಹಣೆಯ ಅಂಕಿ ಇಳಿಯುತ್ತದೆ. ಬೆರಳಿನ 98 ಅಲುಗದೆ ನಿಂತಿರುವಾಗಲೇ ಹಣೆಯ ಒಂದು ಪಕ್ಕದಲ್ಲಿ 68 ಇದ್ದದ್ದು 50ಕ್ಕೆ ಇಳಿಯಿತೆಂದರೆ, ಶ್ವಾಸಕೋಶ ತನ್ನ ಕೆಲಸ ಮಾಡುತ್ತಿದ್ದರೂ ಆ ಪಕ್ಕದ ಮಿದುಳು ಹಸಿದಿದೆಯೆಂದು ವೈದ್ಯನು ಎಚ್ಚರಗೊಳ್ಳಬೇಕು.

ಇದರಲ್ಲಿ ಒಂದು ವಿಪರ್ಯಾಸವೂ ಉಂಟು; ಇದನ್ನು ತಿಳಿಯದೆ ಯಂತ್ರವನ್ನು ಉಪಯೋಗಿಸುವುದು ಯಂತ್ರವಿಲ್ಲದಿರುವುದಕ್ಕಿಂತ ಕೆಟ್ಟದ್ದು. ಸುಟ್ಟುಹೋದ ಬೆಳೆ ನೀರು ಕುಡಿಯುವುದಿಲ್ಲ. ಅಲ್ಲಿ ಬಸಿಗಾಲುವೆ ತುಂಬಿ ಹರಿಯುತ್ತದೆ. ಸತ್ತ ಮಿದುಳಿನ ಭಾಗವು ಆಮ್ಲಜನಕವನ್ನು ಸೇವಿಸದಿರುವುದರಿಂದ ಅದರ ಮೇಲಿಟ್ಟ ಪಟ್ಟಿ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಶವಗಳ ಹಣೆಗೆ ಈ ಯಂತ್ರವನ್ನಿಟ್ಟು ಪರೀಕ್ಷಿಸಿದವರು, ಅವುಗಳಲ್ಲಿ ಕೆಲವು ಜೀವಂತರ ಅಂಕಿಯನ್ನೇ ಕೊಟ್ಟದ್ದನ್ನು ಕಳೆದ ಶತಮಾನದ ಕೊನೆಯ ದಶಕದಲ್ಲಿ ವರದಿ ಮಾಡಿದ್ದಾರೆ. ಒಂಟಿ ಅಂಕಿಗೆ ಬೆಲೆಯಿಲ್ಲ. ಅದೇ ರೋಗಿಯಲ್ಲಿ, ಅದೇ ಸ್ಥಾನದಲ್ಲಿ, ಗಳಿಗೆಯಿಂದ ಗಳಿಗೆಗೆ ಆಗುವ ಏರಿಳಿತಕ್ಕೂ, ಎಡಬಲಗಳ ನಡುವಣ ಅಂತರಕ್ಕೂ ಬೆಲೆಯುಂಟು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬಹುಕಾಲದಿಂದ ಇದನ್ನು ಬಳಸುತ್ತಿರುವ ಅರಿವಳಿಕೆ ತಜ್ಞರು, ಆರಂಭದ ಅಂಕಿಗಿಂತ ನೂರಕ್ಕೆ 20 ಪಾಲು ಇಳಿತವನ್ನು ಅಪಾಯದ ಸೂಚನೆಯೆಂದು ಗಣಿಸುವುದು ಈ ಕಾರಣದಿಂದಲೇ.

ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ಇದರ ನಿಜವಾದ ಉಪಯೋಗ ರಕ್ತದೊತ್ತಡದ ಹತೋಟಿಯಲ್ಲಿದೆಯೆಂದು ನನ್ನ ಅಭಿಪ್ರಾಯ. ಸ್ವಸ್ಥ ಮಿದುಳಿಗೆ ಒಂದು ಸ್ವಯಂನಿಯಂತ್ರಣದ ಶಕ್ತಿಯುಂಟು: ಒತ್ತಡ ಏರಿದರೆ ತನ್ನ ನಾಳಗಳನ್ನು ಕಿರಿದಾಗಿಸಿಯೂ ಇಳಿದರೆ ಹಿಗ್ಗಿಸಿಯೂ ಅದು ಪ್ರವಾಹವನ್ನು ಸಮನಾಗಿ ಇಟ್ಟುಕೊಳ್ಳುತ್ತದೆ. ಗಾಯಗೊಂಡ ಮಿದುಳು ಈ ಶಕ್ತಿಯನ್ನು ಭಾಗಶಃ ಕಳೆದುಕೊಳ್ಳುತ್ತದೆ. ಆಗ ಒತ್ತಡ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಬರ. ಗರಣೆ ತೆಗೆದಾದ ಮೇಲೆ ಮೇಲಿನ ಒತ್ತಡವು 180ನ್ನು ಮೀರದಿರಲೆಂಬುದು ರೂಢಿಯ ನಿಯಮ. ಇನ್ನೂ ಇಳಿಸಿದರೆ ಇನ್ನೂ ಒಳಿತಾದೀತೆಂದು ಊಹಿಸಿ ಚೀನಾದೇಶದಲ್ಲಿ ಕೆಲವರ ಒತ್ತಡವನ್ನು 120ರ ಕೆಳಗೂ, ಕೊರಿಯಾದಲ್ಲಿ ಕೆಲವರದನ್ನು 140ರ ಕೆಳಗೂ ಇಳಿಸಿ ನಡೆಸಿದ ಪ್ರಯೋಗಗಳ ಫಲ 2022 ಮತ್ತು 2023ರಲ್ಲಿ ಪ್ರಕಟವಾಯಿತು. ಎರಡರಲ್ಲಿಯೂ ರೋಗಿಗಳಿಗೆ ಕೇಡೇ ಹೆಚ್ಚಾಗಿ, ಎರಡನ್ನೂ ಅವಧಿಗೆ ಮುನ್ನ ನಿಲ್ಲಿಸಬೇಕಾಯಿತು. ಎಲ್ಲರಿಗೂ ಒಂದೇ ಅಂಕಿ ಹೊಂದುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಯೇಲ್ ವಿಶ್ವವಿದ್ಯಾಲಯದ ನಿಲ್ಸ್ ಪೀಟರ್ಸನ್ ಮತ್ತವರ ಸಹೋದ್ಯೋಗಿಗಳು ಹಣೆಯ ಪಟ್ಟಿಯ ಅಂಕಿಯನ್ನೂ ಧಮನಿಯ ಒತ್ತಡವನ್ನೂ ಏಕಕಾಲಕ್ಕೆ ಬರೆದಿಟ್ಟು, ಯಾವ ಒತ್ತಡದ ಮೇರೆಯೊಳಗೆ ಆ ರೋಗಿಯ ಮಿದುಳು ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುವುದೋ ಅದನ್ನು ಒಬ್ಬೊಬ್ಬನಲ್ಲಿಯೂ ಬೇರೆಯಾಗಿ ಗುರುತಿಸಿದರು. ಆ ವೈಯಕ್ತಿಕ ಮೇರೆಯ ಹೊರಗೆ ಹೆಚ್ಚು ಹೊತ್ತು ಕಳೆದವರ ಚೇತರಿಕೆ ಕುಂಠಿತವಾದುದನ್ನು 2020ರಲ್ಲಿ ತೋರಿಸಿದರು. ಇದು ಸಂಬಂಧದ ಸೂಚನೆ, ಕಾರಣದ ಸಿದ್ಧಿಯಲ್ಲ. ಹಾಗಿದ್ದರೂ ಈ ಯಂತ್ರಕ್ಕೆ ಪಾರ್ಶ್ವವಾಯು ವಿಭಾಗದಲ್ಲಿ ಸ್ಥಾನ ದೊರೆಯುವುದಾದರೆ ಈ ಬಾಗಿಲಿನಿಂದಲೇ ದೊರೆತೀತು.

ಇನ್ನು ಮಿತಿಗಳನ್ನು ಹೇಳಬೇಕು. ಕೂದಲು ಬೆಳಕನ್ನು ತಡೆಯುವುದರಿಂದ ಪಟ್ಟಿಯನ್ನು ಹಣೆಗೇ ಅಂಟಿಸಬೇಕು, ಹಣೆಯಿಂದ ಕಾಣುವುದು ಮಿದುಳಿನ ಮುಂಭಾಗದ ಹೊರಪದರ ಮಾತ್ರ. ಹಿಂತಲೆಯಲ್ಲಿಯೋ ಮಿದುಳಿನ ಬುಡದಲ್ಲಿಯೋ ಸಂಭವಿಸಿದ ಆಘಾತ ಅದಕ್ಕೆ ತಿಳಿಯುವುದೇ ಇಲ್ಲ. ನೆತ್ತಿಯ ಚರ್ಮದ ರಕ್ತವು ಎಷ್ಟು ಕಳೆದರೂ ಲೆಕ್ಕದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಇವು ಜಗತ್ತಿಗೆಲ್ಲ ಸಾಮಾನ್ಯವಾದ ಮಿತಿಗಳು; ನಮ್ಮ ಸೀಮೆಗೆ ವಿಶೇಷವಾದವೂ ಕೆಲವುಂಟು. ಬಿಸಿಲಿನಲ್ಲಿ ದುಡಿದು ಕಪ್ಪಾದ ಚರ್ಮದ ವರ್ಣದ್ರವ್ಯವು ತಾನೂ ಬೆಳಕನ್ನು ಹೀರುತ್ತದೆ. ಬೆರಳಿನ ಆಕ್ಸಿಮೀಟರಿನ ವಿಷಯದಲ್ಲಿ 2020ರ ಕೊನೆಗೆ ಅಮೆರಿಕೆಯಿಂದ ಬಂದ ವರದಿಯೊಂದು, ಯಂತ್ರವು ಎಲ್ಲ ಸರಿಯಾಗಿದೆಯೆಂದು ಹೇಳುತ್ತಿದ್ದಾಗಲೂ ನಿಜವಾಗಿ ಆಮ್ಲಜನಕದ ಕೊರತೆಯಿದ್ದವರು ಬಿಳಿಯರಲ್ಲಿ ನೂರಕ್ಕೆ 3.6, ಕಪ್ಪು ಜನರಲ್ಲಿ 11.7 ಎಂದು ತೋರಿಸಿ ವೈದ್ಯಲೋಕವನ್ನು ನಾಚಿಸಿತು. ಬಿಳಿಯ ಚರ್ಮದ ಮೇಲೆ ತಿದ್ದಿ ತೀಡಿದ ಯಂತ್ರವನ್ನು ನಮ್ಮ ಹಣೆಗೆ ಒತ್ತುವ ಮುಂಚೆ ನಾವೂ ಒಮ್ಮೆ ಯೋಚಿಸಬೇಕು. ನಮ್ಮ ಹಳೆಯ ಕಾಲದ ಅಜ್ಜಿಯರ ಹಣೆಯ ಮೇಲೆ ಹಸಿರು ಹಚ್ಚೆಯುಂಟು. ಅದರ ಮಸಿ ಬೆಳಕನ್ನು ನುಂಗಿಬಿಡುತ್ತದೆ. ವಿಭೂತಿಯನ್ನೂ ಕುಂಕುಮವನ್ನೂ ಒರೆಸಿಯೇ ಪಟ್ಟಿ ಅಂಟಿಸಬೇಕು. ಒರೆಸುವ ದಾದಿಯು ಅದಕ್ಕೆ ಮೊದಲು ಮನೆಯವರಿಗೆ ಕಾರಣವನ್ನು ಒಂದು ಮಾತಿನಲ್ಲಿ ತಿಳಿಸಿದರೆ, ಅಪಶಕುನವೆಂದು ಅವರು ನೊಂದುಕೊಳ್ಳುವುದು ತಪ್ಪುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಹೇರಳವಾಗಿರುವ ರಕ್ತಹೀನತೆಯೂ ಅಂಕಿಯನ್ನು ಕೆಳಕ್ಕೆಳೆಯುತ್ತದೆ.

ಅಂಕಿ ಇಳಿಯಿತೆಂದೊಡನೆ ಮೂಗಿಗೆ ಆಮ್ಲಜನಕದ ನಳಿಕೆಯಿಟ್ಟರೆ ಆಯಿತೆಂದು ಯಾರಾದರೂ ಭಾವಿಸುವುದು ಸಹಜ. ಬ್ರಿಟನ್ನಿನಲ್ಲಿ 8003 ಪಾರ್ಶ್ವವಾಯು ರೋಗಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗವು, ಆಮ್ಲಜನಕದ ಕೊರತೆಯಿಲ್ಲದವರಿಗೆ ವಾಡಿಕೆಯಾಗಿ ಅದನ್ನು ಕೊಡುವುದರಿಂದ ಯಾವ ಪ್ರಯೋಜನವೂ ಇಲ್ಲವೆಂದು ನಿರ್ಧರಿಸಿತು. ಕಾಲುವೆ ಹೂತಿರುವಾಗ ಅಣೆಕಟ್ಟಿನಲ್ಲಿ ಇನ್ನಷ್ಟು ನೀರು ತುಂಬಿ ಫಲವೇನು? ಒಟ್ಟಿನಲ್ಲಿ, ಈ ಅಂಕಿಯನ್ನು ಅನುಸರಿಸಿ ಚಿಕಿತ್ಸೆಯನ್ನು ಬದಲಿಸಿದುದರಿಂದ ರೋಗಿಗಳ ಅಂಗವೈಕಲ್ಯ ತಗ್ಗಿತೆಂದು ದೊಡ್ಡದೊಂದು ಪ್ರಯೋಗ ಸ್ಥಾಪಿಸುವವರೆಗೆ, ಇದನ್ನು ಹೊಂದಿಲ್ಲದ ಆಸ್ಪತ್ರೆಯನ್ನು ಹಿಂದುಳಿದದ್ದೆಂದು ಜರೆಯುವುದು ನ್ಯಾಯವಲ್ಲ. ಇದೇ ಜಾತಿಯ ಬೆಳಕಿನಿಂದ ತಲೆಯೊಳಗಣ ರಕ್ತಸ್ರಾವವನ್ನು ಪತ್ತೆ ಹಚ್ಚುವ, ಕೈಯಲ್ಲಿ ಹಿಡಿಯಬಹುದಾದ ‘ಸೆರೆಬೊ’ ಎಂಬ ದೇಶೀಯ ಉಪಕರಣದ ಬೆಳವಣಿಗೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕೈಜೋಡಿಸಿರುವುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೆ ಅದೂ ಸಿ.ಟಿ. ಯಂತ್ರಕ್ಕೆ ಬದಲಿಯಲ್ಲ.

ಈಗ ಕರ್ನಾಟಕ-ಮಹಾರಾಷ್ಟ್ರ ಗಡಿಸೀಮೆಯವರಾದ ತಮಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಕ್ಕೆ ಬರುತ್ತೇನೆ. ಪಾರ್ಶ್ವವಾಯುವಿನಲ್ಲಿ ಯಾವ ಬೆಳಕೂ ಅಳೆಯಲಾರದ ಒಂದು ವಸ್ತು ಮಾತು. ಬಹುತೇಕ ಜನರಲ್ಲಿ ಮಾತಿನ ನೆಲೆ ಮಿದುಳಿನ ಎಡಗೋಳಾರ್ಧ. ಅಲ್ಲಿ ಆಘಾತವಾದರೆ ಬಲಗೈಯೊಡನೆ ನುಡಿಯೂ ಕೆಡುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ರೋಗಿಯ ಮಾತನ್ನು ಪರೀಕ್ಷಿಸುವುದು ಸಾಮಾನ್ಯವಾಗಿ ಮರಾಠಿಯಲ್ಲಿ. ಮನೆಯಲ್ಲಿ ಹುಟ್ಟಿನಿಂದ ಕನ್ನಡವನ್ನೇ ಆಡಿದ ನಮ್ಮ ಮುದುಕಿ ಅದಕ್ಕೆ ತಡವರಿಸಿ ಉತ್ತರಿಸಿದರೆ, ಆ ತಡವರಿಕೆ ಮಿದುಳಿನದೋ ಭಾಷೆಯದೋ ಎಂದು ತಿಳಿಯುವುದು ಕಷ್ಟ. ಜೊತೆಗೆ ಹೋದ ಮಗನೋ ಸೊಸೆಯೋ ಸಂಕೋಚ ಬಿಟ್ಟು, ‘ಡಾಕ್ಟರೇ, ಇವರನ್ನ ಕನ್ನಡದಾಗ ಮಾತಾಡಿಸ್ರಿ, ನಾ ಕೇಳಿ ಹೇಳ್ತೀನಿ’ ಎಂದರೆ ಅದು ವೈದ್ಯರಿಗೆ ಮಾಡುವ ಮಹದುಪಕಾರ. ಸೊಲ್ಲಾಪುರದ ಮಗಳಾಗಿ ಎರಡೂ ಭಾಷೆಗಳಲ್ಲಿ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಪ್ರಥಮ ಮಹಿಳೆಯೆನಿಸಿದ ಜಯದೇವಿತಾಯಿ ಲಿಗಾಡೆಯವರ ನೆಲದಲ್ಲಿ ಈ ದ್ವಿಭಾಷಿತ್ವವನ್ನು ಹೊರೆಯೆಂದು ಎಣಿಸಬೇಕಾದುದಿಲ್ಲ. ಈಗ ನಿಮ್ಹಾನ್ಸಿನಲ್ಲಿರುವ ಡಾ. ಸುವರ್ಣಾ ಅಲ್ಲಾಡಿಯವರು ಮತ್ತು ಅವರ ಸಂಗಡಿಗರು ಹೈದರಾಬಾದಿನಲ್ಲಿ 608 ಪಾರ್ಶ್ವವಾಯು ರೋಗಿಗಳನ್ನು ಪರೀಕ್ಷಿಸಿ, ಆಘಾತದ ನಂತರವೂ ಬುದ್ಧಿವ್ಯಾಪಾರ ಸಹಜವಾಗಿ ಉಳಿದವರು ಏಕಭಾಷಿಕರಲ್ಲಿ ನೂರಕ್ಕೆ 19.6 ಇದ್ದರೆ ಬಹುಭಾಷಿಕರಲ್ಲಿ 40.5 ಇದ್ದರೆಂದು 2016ರಲ್ಲಿ ಪ್ರಕಟಿಸಿದರು. ನುಡಿನಷ್ಟದ ಪ್ರಮಾಣದಲ್ಲಿ ಮಾತ್ರ ಎರಡು ವರ್ಗಗಳಿಗೂ ಭೇದವಿರಲಿಲ್ಲ. ಗಡಿಯವರ ಹಲವು ನುಡಿಗಳಿಗೆ ವೈದ್ಯಶಾಸ್ತ್ರದಿಂದ ಇಷ್ಟು ಒಳ್ಳೆಯ ಪ್ರಶಸ್ತಿಪತ್ರ ದೊರೆತೀತೆಂದು ನಾನು ಎಣಿಸಿರಲಿಲ್ಲ.

ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿ, ಯುದ್ಧಪೀಡಿತ ಚೀನಾದಲ್ಲಿ ಸೇವೆ ಮಾಡುತ್ತಲೇ 1942ರಲ್ಲಿ ಅಪಸ್ಮಾರದ ಆಘಾತಗಳಿಂದ ಮಡಿದ ಡಾ. ದ್ವಾರಕಾನಾಥ ಕೋಟಣೀಸರ ಕಾಲದಲ್ಲಿ, ಮಿದುಳಿನೊಳಗೆ ಏನು ನಡೆಯುತ್ತಿದೆಯೆಂದು ನೋಡುವ ಉಪಾಯ ಆ ರಣರಂಗದ ಆಸ್ಪತ್ರೆಗಳಲ್ಲಿ ಯಾವುದೂ ಇರಲಿಲ್ಲ. ಇಂದು ಉಪಾಯಗಳು ಬಂದಿವೆ; ನಮ್ಮ ಅಭ್ಯಾಸಗಳು ಅವುಗಳ ಬಳಿಗೆ ನಮ್ಮನ್ನು ಹೊತ್ತಿಗೆ ಒಯ್ಯುತ್ತಿಲ್ಲ. ‘ಮಾರಿ ಸೊಟ್ಟ ಆಗ್ಯಾದ, ಕೈ ಏಳವಲ್ದು’ ಎಂದು ಮನೆಯಲ್ಲಿ ಕೂಗೆದ್ದ ಮೇಲೆ, ಪಾರಿವಾಳದ ರಕ್ತ ಹಚ್ಚುವವರನ್ನೂ ನಾಟಿ ಔಷಧ ಕೊಡುವ ಊರುಗಳನ್ನೂ ಸುತ್ತಿ, ಮೂರನೆಯ ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ, ಗರಣೆ ಕರಗಿಸುವ ಔಷಧಕ್ಕೂ ನಳಿಕೆಗೂ ಹಣೆಯ ಪಟ್ಟಿಗೂ ಮಾಡುವ ಕೆಲಸವೇ ಉಳಿದಿರುವುದಿಲ್ಲ. ಹೋಟಗಿಯಿಂದ ಸೊಲ್ಲಾಪುರಕ್ಕೆ ಸುಮಾರು 15 ಕಿಲೋಮೀಟರ್. ಅಕ್ಕಲಕೋಟದಿಂದ ಸುಮಾರು 40. ನಾಲ್ಕೂವರೆ ಗಂಟೆಗೆ ಇದೇನೂ ದೂರವಲ್ಲ. ದಾರಿಯಲ್ಲಿ ಕಳೆಯುವುದಕ್ಕಿಂತ ಹೆಚ್ಚು ಹೊತ್ತು ಅಂಗಳದಲ್ಲಿ ಕಳೆಯುತ್ತದೆ, ಯಾರಿಗೆ ಫೋನು ಮಾಡಬೇಕು, ಯಾರ ಅಪ್ಪಣೆ ಕೇಳಬೇಕು ಎಂಬ ಸಮಾಲೋಚನೆಯಲ್ಲಿ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಯಾರದಾದರೂ ಮುಖ ಒಂದು ಕಡೆಗೆ ಸೊಟ್ಟಗಾದರೆ, ಎರಡು ಕೈಗಳನ್ನು ಮುಂದೆ ಚಾಚಿದಾಗ ಒಂದು ಜಾರಿದರೆ, ಮಾತು ತೊದಲಿದರೆ, ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬೇಡಿ. ಅವರು ಕೊನೆಯದಾಗಿ ಎಂದಿನಂತೆ ಇದ್ದದ್ದನ್ನು ಕಂಡ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ಅವರು ನುಂಗುತ್ತಿರುವ ಮಾತ್ರೆಗಳ ಚೀಲವನ್ನು ಜೊತೆಗೆ ಒಯ್ಯಿರಿ. 108ಕ್ಕೆ ಕರೆ ಮಾಡಿ, ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ಕರೆದೊಯ್ಯುವಂತೆ ಕೇಳಿ. ಗಡಿಯ ಈಚೆಗೂ ಆಚೆಗೂ ಆ ಸಂಖ್ಯೆ ಒಂದೇ.